ಕಾಲು ವೋಲ್ಟ್ ಇಳಿಸಿದ ಕಾಲ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ. ಈ ನಾಲ್ಕು ಊರುಗಳ ಕಸುಬಿನ ಚರಿತ್ರೆ ಬರೆದವರು ರೇಷ್ಮೆ, ದ್ರಾಕ್ಷಿ, ಟೊಮೆಟೊ, ಕಲ್ಲುಕೆಲಸ ಇಷ್ಟನ್ನು ಹೇಳಿ ಮುಗಿಸುತ್ತಾರೆ. 1990ರ ದಶಕದ ಕೊನೆಯಿಂದ ಹದಿನೈದು ವರ್ಷ ಇದೇ ಊರುಗಳ ಬಸ್‌ಸ್ಟ್ಯಾಂಡ್ ಹಿಂದಿನ ಗಲ್ಲಿಗಳಲ್ಲಿ, ತಾಲ್ಲೂಕು ಕಚೇರಿ ಎದುರಿನ ಮಹಡಿ ಕೋಣೆಗಳಲ್ಲಿ ನಡೆದ ಕಂಪ್ಯೂಟರ್ ರಿಪೇರಿ ಕಸುಬು ಯಾವ ಪುಸ್ತಕಕ್ಕೂ ಸೇರಿಲ್ಲ. ಚಿಂತಾಮಣಿಯಲ್ಲಿ ಅಂಥದೊಂದು ಬೆಂಚಿನ ಮುಂದೆ ಕೂತು ದುಡಿದವನು ನಾನು. ಆ ಕಸುಬಿನೊಳಗೆ ನಾವು ರೂಢಿಸಿಕೊಂಡಿದ್ದ ಒಂದು ಪದ್ಧತಿಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಹಳೆಯ ಮದರ್‌ಬೋರ್ಡಿನಲ್ಲಿ ಪ್ರೊಸೆಸರಿಗೆ ಹೋಗುವ ವೋಲ್ಟೇಜನ್ನು ಸ್ವಲ್ಪ ಇಳಿಸಿ, ಅದರ ಕಾವು ತಗ್ಗಿಸಿ, ಮಿಷನ್ನಿಗೆ ಇನ್ನಷ್ಟು ವರ್ಷ ಆಯಸ್ಸು ಕೊಡುವ ಕೆಲಸ ಅದು. ಕಂಪನಿಯ ಪುಸ್ತಕದಲ್ಲಿ ಇದನ್ನು ಮಾಡಿ ಅಂತ ಬರೆದಿರಲಿಲ್ಲ. ನಮ್ಮ ಬಿಸಿಲು, ನಮ್ಮ ಧೂಳು, ನಮ್ಮ ಕರೆಂಟು ಅದನ್ನು ನಮಗೆ ಕಲಿಸಿದವು.

ಲೆಕ್ಕ ಮಾಡುವ ಯಂತ್ರಗಳು ಈ ಸೀಮೆಗೆ ನಮ್ಮ ಅಂಗಡಿಗಳಿಗಿಂತ ಎಷ್ಟೋ ಮುಂಚೆ ಬಂದಿದ್ದವು. ಗೌರಿಬಿದನೂರಿನ ಬಳಿ 1965ರಲ್ಲೇ ಈಗಿನ ಭಾಭಾ ಅಣು ಸಂಶೋಧನಾ ಕೇಂದ್ರದವರು ಬ್ರಿಟಿಷರ ಸಹಯೋಗದಲ್ಲಿ ಭೂಕಂಪ ಅಳೆಯುವ ಜಾಲ ಹಾಕಿದರು. ಗಟ್ಟಿ ಬಂಡೆ ನೆಲ, ಗದ್ದಲವಿಲ್ಲದ ಬಯಲು. ದೂರದೇಶದ ಅಣುಬಾಂಬ್ ಪರೀಕ್ಷೆಯ ನಡುಕವೂ ಅಲ್ಲಿಗೆ ಮುಟ್ಟುತ್ತದೆ. ಸೆನ್ಸರುಗಳು ಹಿಡಿದದ್ದೆಲ್ಲ ಮ್ಯಾಗ್ನೆಟಿಕ್ ಟೇಪಿಗೆ ಹೋಗುತ್ತಿತ್ತು. ಅದೇ ತಾಲ್ಲೂಕಿನಲ್ಲಿ 1970ರ ದಶಕದಲ್ಲಿ ಭಾರತೀಯ ಖಭೌತ ಸಂಸ್ಥೆಯೂ ರಾಮನ್ ಸಂಶೋಧನಾ ಸಂಸ್ಥೆಯೂ ಸೇರಿ ಕಟ್ಟಿದ ರೇಡಿಯೊ ದೂರದರ್ಶಕವಿದೆ. ಪೂರ್ವ ಪಶ್ಚಿಮವಾಗಿ 1.4 ಕಿಲೋಮೀಟರ್, ದಕ್ಷಿಣಕ್ಕೆ 450 ಮೀಟರ್ ಚಾಚಿದ, ಸಾವಿರ ಡೈಪೋಲುಗಳ ಆ ಆಂಟೆನಾ ಹೊಲ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಕೇಳುತ್ತಿತ್ತು. ಅಷ್ಟು ಆಂಟೆನಾಗಳಿಂದ ಬಂದ ಸದ್ದನ್ನು ಗುಣಿಸಿ ಕೂಡಿಸುವ ಡಿಜಿಟಲ್ ಪೆಟ್ಟಿಗೆಗಳು, ನಮ್ಮ ಜನ ಕಂಪ್ಯೂಟರನ್ನು ಕಣ್ಣಿಂದ ನೋಡುವ ಮೊದಲೇ, ಗೌರಿಬಿದನೂರಿನ ಬಿಸಿಲಿನಲ್ಲಿ ಕೆಲಸ ಮಾಡಿದ್ದವು. ನಮ್ಮ ಹುಡುಗರಲ್ಲಿ ಬಹಳ ಮಂದಿಗೆ ಇದು ಗೊತ್ತೇ ಇಲ್ಲ. ಶಾಲೆಯಿಂದ ಒಮ್ಮೆಯಾದರೂ ಅವರನ್ನು ಆ ಆಂಟೆನಾಗಳ ಹತ್ತಿರ ಕರೆದುಕೊಂಡು ಹೋಗಬೇಕು.

ಊರಿನ ಕಂಪ್ಯೂಟರ್ ಬೇರೆ ದಾರಿಯಲ್ಲಿ ಬಂತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬೋರ್ಡು, ಪ್ರೊಸೆಸರು, ರ‍್ಯಾಮ್, ಕ್ಯಾಬಿನೆಟ್ ಬಿಡಿಬಿಡಿಯಾಗಿ ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು ಇಲ್ಲಿ ಜೋಡಿಸುತ್ತಿದ್ದೆವು. ಅದಕ್ಕೆ ಅಸೆಂಬಲ್ಡ್ ಮಿಷನ್ ಅನ್ನುತ್ತಿದ್ದರು. ಮೊದಲು ಬಂದದ್ದು ಟೈಪಿಂಗ್ ಇನ್‌ಸ್ಟಿಟ್ಯೂಟುಗಳಿಗೆ, ಆಮೇಲೆ ಮದುವೆ ಕಾರ್ಡು ಮಾಡುವ ಪ್ರೆಸ್ಸುಗಳಿಗೆ, ಆಮೇಲೆ ಸೈಬರ್ ಸೆಂಟರಿಗೆ, ಫೋಟೊ ಸ್ಟುಡಿಯೊಗೆ. 2000ದ ಆಚೀಚೆ ‘ಭೂಮಿ’ ಯೋಜನೆ ತಾಲ್ಲೂಕು ಕಚೇರಿಗಳಿಗೆ ಬಂದು ಕೈಬರಹದ ಪಹಣಿ ನಿಂತು ಕಂಪ್ಯೂಟರ್ ಪಹಣಿ ಶುರುವಾದ ಮೇಲೆ, ಕಚೇರಿಯ ಹೊರಗೆ ಅರ್ಜಿ ಟೈಪ್ ಮಾಡುವ, ಕ್ರಯಪತ್ರದ ಕರಡು ತೆಗೆಯುವ ಅಂಗಡಿಗಳು ಒಂದರ ಪಕ್ಕ ಒಂದು ಎದ್ದವು. ಒಳಗಿನ ಸರ್ಕಾರಿ ಮಿಷನ್ನಿಗೆ ಗುತ್ತಿಗೆದಾರರಿದ್ದರು. ಹೊರಗಿನ ಅಂಗಡಿಗಳ ಮಿಷನ್ನು ಕೆಟ್ಟರೆ ಹೊತ್ತು ತರುತ್ತಿದ್ದದ್ದು ನಮ್ಮ ಬೆಂಚಿಗೆ.

ಆ ಅಂಗಡಿಗಳು ಹೇಗಿದ್ದವು ಅನ್ನುವುದು ಈ ಕಥೆಗೆ ಮುಖ್ಯ. ಎಂಟಡಿ ಹತ್ತಡಿ ಕೋಣೆ, ಮೇಲೆ ಶೀಟು, ಮುಂದೆ ರೋಲಿಂಗ್ ಷಟರು, ಹಿಂದೆ ಕಿಟಕಿಯಿಲ್ಲದ ಗೋಡೆ. ಏಪ್ರಿಲ್ ಮಧ್ಯಾಹ್ನ ಹೊರಗೆ 36 ಡಿಗ್ರಿ ಇದ್ದರೆ ಒಳಗೆ ಅದಕ್ಕಿಂತ ಹೆಚ್ಚು. ಮೇಜಿನ ಕೆಳಗೆ ಗೋಡೆಗೆ ಒತ್ತಿಟ್ಟ ಕ್ಯಾಬಿನೆಟ್ಟಿನ ಹೊಟ್ಟೆಯೊಳಗೆ ಇನ್ನೂ ಹೆಚ್ಚು. ಚಿಕ್ಕಬಳ್ಳಾಪುರದ ಕಡೆಯ ಮಿಷನ್ ಬಿಚ್ಚಿದರೆ ಕ್ರಷರಿನ ಬೂದುಧೂಳು, ಚಿಂತಾಮಣಿಯದರಲ್ಲಿ ಕೆಮ್ಮಣ್ಣು. ಶಿಡ್ಲಘಟ್ಟದಲ್ಲಿ ರೀಲಿಂಗ್ ಘಟಕದ ಪಕ್ಕದ ಅಂಗಡಿಯದಾದರೆ ಫ್ಯಾನಿನ ಅಚ್ಚಿಗೆ ರೇಷ್ಮೆಯ ನವಿರೆಳೆ ಸುತ್ತಿಕೊಂಡಿರುತ್ತಿತ್ತು; ಗೂಡು ಬೇಯಿಸುವ ಹಬೆಯ ಜೊತೆ ಬಂದ ಜಿಡ್ಡು ಹೀಟ್‌ಸಿಂಕಿನ ಹಲ್ಲುಗಳ ನಡುವೆ ಧೂಳನ್ನು ಅಂಟಿಸಿ ಕೂರಿಸಿರುತ್ತಿತ್ತು. ಬ್ಲೋವರ್ ಹಿಡಿದರೆ ಅದು ಹಾರುತ್ತಿರಲಿಲ್ಲ. ಹೀಟ್‌ಸಿಂಕ್ ಬಿಚ್ಚಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಸೋಪುನೀರಲ್ಲಿ ತಿಕ್ಕಿ, ಬಿಸಿಲಿಗಿಟ್ಟು ಒಣಗಿಸಿ, ಹೊಸ ಪೇಸ್ಟ್ ಸವರಿ ಕೂರಿಸಬೇಕಿತ್ತು. ಶಿಡ್ಲಘಟ್ಟದವರಿಗೆ ಕಾವಿನ ಮಾತು ಬಿಡಿಸಿ ಹೇಳಬೇಕಾಗಿರಲಿಲ್ಲ. ಹುಳು ಮನೆಯಲ್ಲಿ ಎರಡು ಮೂರು ಡಿಗ್ರಿ ಏರಿದರೆ ಬೆಳೆ ಏನಾಗುತ್ತದೆ ಅಂತ ಕಂಡವರು, ಕಿಟಕಿಗೆ ಒದ್ದೆ ಗೋಣಿ ಕಟ್ಟಿ ಹುಳು ಕಾದವರು ಅವರು. “ಅಣ್ಣ, ಇದಕ್ಕೂ ಒಂದು ಗೋಣಿ ಕಟ್ಟೋ ಹಂಗಿದ್ರೆ ಹೇಳು” ಅಂತ ಒಬ್ಬ ಸ್ಟುಡಿಯೊ ಮಾಲೀಕರು ನನ್ನನ್ನು ಕೇಳಿದ್ದರು. ಗೋಣಿ ಕಟ್ಟುವ ಹಾಗಿರಲಿಲ್ಲ. ಕಾವು ಹುಟ್ಟುವ ಜಾಗದಲ್ಲೇ ಅದನ್ನು ಕಡಿಮೆ ಮಾಡುವ ದಾರಿ ಮಾತ್ರ ಇತ್ತು.

ಚಿಪ್ಪಿನೊಳಗಿನ ಕೋಟ್ಯಂತರ ಸ್ವಿಚ್ಚುಗಳು ಪ್ರತಿಸಲ ತೆರೆದು ಮುಚ್ಚುವಾಗ ಒಂದಿಷ್ಟು ಚಾರ್ಜು ತುಂಬಿ ಖಾಲಿಯಾಗುತ್ತದೆ. ಆ ಖರ್ಚೇ ಕಾವು. ಅದು ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜಿನ ಜೊತೆ ವರ್ಗದಲ್ಲಿ ಏರುತ್ತದೆ. ವೋಲ್ಟೇಜು ಎರಡುಪಟ್ಟಾದರೆ ಕಾವು ನಾಲ್ಕುಪಟ್ಟು. ಹಾಗಾಗಿ ಇಳಿಸಿದರೂ ಅದೇ ಲೆಕ್ಕ, ನಮಗೆ ಲಾಭವಾಗಿ. 1974ರಲ್ಲಿ ಐಬಿಎಂನ ರಾಬರ್ಟ್ ಡೆನ್ನಾರ್ಡ್ ಮತ್ತು ಸಂಗಡಿಗರು ಬರೆದ ಪ್ರಬಂಧವೊಂದು ಇಡೀ ಉದ್ಯಮಕ್ಕೆ ದಾರಿ ಹಾಕಿತು: ಟ್ರಾನ್ಸಿಸ್ಟರನ್ನು ಎಷ್ಟು ಕಿರಿದು ಮಾಡುತ್ತೀರೋ ವೋಲ್ಟೇಜನ್ನೂ ಅಷ್ಟೇ ಇಳಿಸಿ, ಆಗ ಅದೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರ್ ತುಂಬಿದರೂ ಕಾವು ಹೆಚ್ಚುವುದಿಲ್ಲ. ನನ್ನ ಬೆಂಚಿನ ಮೇಲೆ ಹಾದುಹೋದ ಬೋರ್ಡುಗಳೇ ಆ ಚರಿತ್ರೆಗೆ ಸಾಕ್ಷಿ. 486 ಚಿಪ್ಪು 5 ವೋಲ್ಟಿನದು. 1993ರ ಮೊದಲ ಪೆಂಟಿಯಂ ಕೂಡ 5 ವೋಲ್ಟು. ಅದರ ಮುಂದಿನದು 3.3. 1997ರ ಎಂಎಂಎಕ್ಸ್ ಪೆಂಟಿಯಂ ಒಳಗೆ 2.8. 1998ರ ಕೆ6-2 ಬಂದಾಗ 2.2, ಅದೇ ವರ್ಷದ ಸೆಲೆರಾನ್ 2.0. ಪೆಂಟಿಯಂ ತ್ರೀ ಕಾಪರ್‌ಮೈನ್ 1.65ರ ಆಸುಪಾಸು. ಅಥ್ಲಾನ್ ಎಕ್ಸ್‌ಪಿ 1.65. ಹತ್ತು ವರ್ಷದೊಳಗೆ 5 ವೋಲ್ಟು ಮೂರರಲ್ಲಿ ಒಂದು ಪಾಲಿಗೆ ಇಳಿದಿತ್ತು. ಕಾವು ಮಾತ್ರ ಇಳಿಯಲಿಲ್ಲ, ಯಾಕೆಂದರೆ ವೇಗ 60 ಮೆಗಾಹರ್ಟ್ಸ್‌ನಿಂದ 2,000ಕ್ಕೆ ಹಾರಿತ್ತು, ಟ್ರಾನ್ಸಿಸ್ಟರುಗಳ ಸಂಖ್ಯೆಯೂ ಹತ್ತಾರು ಪಟ್ಟು ಬೆಳೆದಿತ್ತು.

ಈ ಅಂಕಿಗಳಲ್ಲಿ ನಮಗೆ ಬೇಕಾದ ಒಂದು ಸಂಗತಿ ಅಡಗಿದೆ. ಕಾರ್ಖಾನೆಯಲ್ಲಿ ಒಂದೇ ಸಿಲಿಕಾನ್ ತಟ್ಟೆಯಿಂದ ಕತ್ತರಿಸಿದ ಚಿಪ್ಪುಗಳೂ ಒಂದೇ ಥರ ಇರುವುದಿಲ್ಲ. ಕೆಲವು 1.4 ವೋಲ್ಟಿನಲ್ಲೇ ಪೂರ್ತಿ ವೇಗಕ್ಕೆ ಓಡುತ್ತವೆ, ಕೆಲವಕ್ಕೆ 1.6 ಬೇಕು. ಎಲ್ಲಕ್ಕೂ ಒಂದೇ ಅಂಕಿ ಬರೆಯಬೇಕಾದ ಕಂಪನಿ ಅತಿ ಬಡಕಲು ಚಿಪ್ಪಿಗೂ ಸಾಕಾಗುವ ಹಾಗೆ, ಅದರ ಮೇಲೆ ಒಂದಿಷ್ಟು ಮುಂಜಾಗ್ರತೆ ಸೇರಿಸಿ, 1.65 ಅಂತ ಬರೆಯುತ್ತದೆ. ಹೆಚ್ಚಿನ ಚಿಪ್ಪುಗಳು ಬೇಕಿಲ್ಲದ ವೋಲ್ಟೇಜು ಕುಡಿದು ಬೇಕಿಲ್ಲದ ಕಾವು ಉಗುಳುತ್ತವೆ. ಏರ್‌ಕಂಡೀಷನ್ ಹಾಕಿದ ಆಫೀಸಿನಲ್ಲಿ ಅದು ಯಾರಿಗೂ ತಿಳಿಯುವುದಿಲ್ಲ. ಶೀಟಿನ ಕೆಳಗಿನ ನಮ್ಮ ಅಂಗಡಿಯಲ್ಲಿ ಮಿಷನ್ ಬದುಕುತ್ತದೋ ಸಾಯುತ್ತದೋ ಅನ್ನುವುದು ಆ ವ್ಯತ್ಯಾಸದ ಮೇಲೆ ನಿಂತಿತ್ತು. ಪ್ರತಿ ಚಿಪ್ಪಿಗೂ ಅದರದೇ ಅಂಕಿ ಹುಡುಕಿ ಕೊಡುವುದು, ನನ್ನ ದೃಷ್ಟಿಯಲ್ಲಿ, ಈ ಕಸುಬಿನ ನಿಜವಾದ ಕೈಚಳಕ. ಬೋರ್ಡು ಬದಲಾಯಿಸಿ ಬಿಲ್ಲು ಹಾಕುವುದನ್ನು ಯಾರೂ ಕಲಿಯಬಹುದು.

ಮೊದಮೊದಲು ಅದು ಜಂಪರಿನ ಕೆಲಸ. ಸಾಕೆಟ್ ಸೆವೆನ್ ಬೋರ್ಡುಗಳಲ್ಲಿ ಪ್ರೊಸೆಸರಿನ ಪಕ್ಕ ಸೂಜಿಗಳ ಸಾಲು ಎದ್ದು ನಿಂತಿರುತ್ತದೆ. ಎರಡು ಸೂಜಿಗಳನ್ನು ಸೇರಿಸುವ, ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪದ ಪ್ಲಾಸ್ಟಿಕ್ ಟೊಪ್ಪಿಗೆ ಜಂಪರು. ಯಾವ ಸೂಜಿಗೆ ಟೊಪ್ಪಿ ಹಾಕಿದರೆ ಎಷ್ಟು ವೋಲ್ಟು ಅನ್ನುವ ಕೋಷ್ಟಕವನ್ನು ಬೋರ್ಡಿನ ಮೇಲೆಯೇ ಬಿಳಿ ಅಕ್ಷರದಲ್ಲಿ ಅಚ್ಚು ಹಾಕಿರುತ್ತಿದ್ದರು. 2.2ರ ಜಾಗದಿಂದ 2.1ಕ್ಕೆ, 2.0ಕ್ಕೆ ಟೊಪ್ಪಿ ಸರಿಸಿದರೆ ಮುಗಿಯಿತು. 2.2ರಿಂದ 2.0 ಅಂದರೆ ಕಾವಿನಲ್ಲಿ ನೂರಕ್ಕೆ 17 ಪಾಲು ಕಡಿಮೆ. ಮೂಗುಚಿಮಟದಲ್ಲಿ ಹಿಡಿದು, ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು, ಉಸಿರು ಬಿಗಿಹಿಡಿದು ಮಾಡುವ ಕೆಲಸ. ಟೊಪ್ಪಿ ಜಾರಿ ಬೋರ್ಡಿನ ಕೆಳಗೆ ಹೋದರೆ ಇಡೀ ಬೋರ್ಡು ಬಿಚ್ಚಬೇಕು. ವೇಗದ ಜಂಪರುಗಳೂ ಅಲ್ಲೇ ಇರುತ್ತಿದ್ದವು; ಬೋರ್ಡಿನ ಬಸ್ಸಿನ ವೇಗವನ್ನು ಗುಣಕದಿಂದ ಗುಣಿಸಿದರೆ ಚಿಪ್ಪಿನ ವೇಗ. ಕೆ6-2 400ರಲ್ಲಿ ಒಂದು ವಿಚಿತ್ರವಿತ್ತು: ಬೋರ್ಡಿನಲ್ಲಿ 2 ಅಂತ ಗುಣಕ ಇಟ್ಟರೆ ಚಿಪ್ಪು ಅದನ್ನು 6 ಅಂತ ಓದಿಕೊಳ್ಳುತ್ತಿತ್ತು. 66 ಮೆಗಾಹರ್ಟ್ಸ್‌ನ ಹಳೇ ಬೋರ್ಡಿಗೂ 400ರ ಚಿಪ್ಪು ಒಗ್ಗಲಿ ಅಂತ ಮಾಡಿದ ಏರ್ಪಾಡು. ಆ ಒಂದು ಏರ್ಪಾಡಿನಿಂದ ಮೂಲೆಗೆ ಬಿದ್ದಿದ್ದ ಎಷ್ಟೋ ಬೋರ್ಡುಗಳು ಟೈಪಿಂಗ್ ಇನ್‌ಸ್ಟಿಟ್ಯೂಟುಗಳಲ್ಲಿ ಮತ್ತೆ ಕೆಲಸಕ್ಕೆ ಬಂದವು.

ಆಮೇಲಿನ ಪೆಂಟಿಯಂ ಟೂ, ತ್ರೀ ಕಾಲದಲ್ಲಿ ಜಂಪರು ಮಾಯವಾಯಿತು. ತನಗೆಷ್ಟು ವೋಲ್ಟು ಬೇಕೆಂದು ಚಿಪ್ಪೇ ಐದು ಪಿನ್ನುಗಳ ಮೂಲಕ ಬೋರ್ಡಿಗೆ ಹೇಳುವ ಪದ್ಧತಿ ಬಂತು. ಒಳ್ಳೆಯ ಅಸೆಂಬಲ್ಡ್ ಬೋರ್ಡಾದರೆ ಬಯಾಸಿನಲ್ಲಿ, ಅಂದರೆ ವಿಂಡೋಸ್ ಏಳುವ ಮೊದಲಿನ ಸೆಟ್ಟಿಂಗ್ ಪುಟಗಳಲ್ಲಿ, ಪ್ರೊಸೆಸರಿನ ವೋಲ್ಟೇಜಿಗೆ ‘ಸಿಪಿಯು ವಿಕೋರ್’ ಅಂತ ಒಂದು ಸಾಲು ಇರುತ್ತಿತ್ತು, ಬರಬರುತ್ತ ಅಲ್ಲಿ 0.025ರ ಮೆಟ್ಟಿಲುಗಳಲ್ಲೂ ಇಳಿಯಬಹುದಿತ್ತು. ಕಂಪನಿ ಮಿಷನ್ನುಗಳಲ್ಲಿ ಆ ಸಾಲೇ ಇರುತ್ತಿರಲಿಲ್ಲ. ಅಂಥಲ್ಲಿ ಕೆಲವರು ಪಿನ್ನಿಗೇ ಕೈಹಾಕಿದರು. ಸಾಕೆಟ್ 478ರ ಚಿಪ್ಪು ತಿರುಗಿಸಿ, ವೋಲ್ಟೇಜು ಹೇಳುವ ಐದು ಪಿನ್ನುಗಳಲ್ಲಿ ಒಂದಕ್ಕೆ ಹೆಂಗಸರ ಉಗುರುಬಣ್ಣ ಸವರಿ ಒಣಗಿಸಿದರೆ ಆ ಪಿನ್ನು ಸಾಕೆಟ್ಟಿಗೆ ತಾಕುವುದಿಲ್ಲ, 1.525 ಅಂತ ಓದಬೇಕಾದ ಬೋರ್ಡು 1.475 ಅಂತ ಓದುತ್ತದೆ. ಪಿನ್ನು ತಪ್ಪಿದರೆ 1.125 ಅಂತ ಓದಿ ಮಿಷನ್ ಏಳುವುದೇ ಇಲ್ಲ. ಗ್ರಂದಿಗೆ ಅಂಗಡಿಯಿಂದ ತಂದ ಉಗುರುಬಣ್ಣದ ಶೀಷೆಯೊಂದು ಸೋಲ್ಡರಿಂಗ್ ಕಡ್ಡಿಯ ಪಕ್ಕ ಇರುತ್ತಿತ್ತು. ಬೆರಳಿನ ನಡುಕ ಇರುವವರು ಮಾಡುವ ಕೆಲಸವಲ್ಲ ಅದು.

ವೋಲ್ಟೇಜು ಇಳಿಸುತ್ತೇನೆ ಅಂದರೆ ಈ ಸೀಮೆಯ ಜನ ಬೆಚ್ಚುತ್ತಿದ್ದರು. ಅದಕ್ಕೆ ಕಾರಣ ಬೋರ್‌ವೆಲ್. ಸಾವಿರ ಅಡಿ ದಾಟಿದ ಬೋರಿನ ತಳದಲ್ಲಿ ಮೋಟಾರು ಇಳಿಬಿಟ್ಟ ರೈತನಿಗೆ ಲೋ ವೋಲ್ಟೇಜ್ ಅಂದರೆ ವೈಂಡಿಂಗ್ ಸುಟ್ಟು ಹೋಗುವುದು, ಪೈಪೆಲ್ಲ ಎತ್ತುವುದು, ರೀವೈಂಡಿಂಗ್ ಅಂಗಡಿಯ ಮುಂದೆ ಕಾಯುವುದು, ಅಷ್ಟರಲ್ಲಿ ಟೊಮೆಟೊ ಬಾಡುವುದು. ಚಿಂತಾಮಣಿ ಪಕ್ಕದ ಹಳ್ಳಿಯ ಒಬ್ಬ ಯಜಮಾನರು ಮಗನ ಕಂಪ್ಯೂಟರ್ ತಂದಿದ್ದರು. ನಾನು ಮಾಡಲಿರುವುದನ್ನು ಹೇಳಿದಾಗ ಅವರು, “ಏನಪ್ಪಾ, ವೋಲ್ಟೇಜ್ ಕಮ್ಮಿ ಆದ್ರೆ ಸುಟ್ಟೋಗೋದು ಅಲ್ವಾ? ನೀನು ಕಮ್ಮಿ ಮಾಡಿ ತಣ್ಣಗೆ ಮಾಡ್ತೀನಿ ಅಂತೀಯಲ್ಲ?” ಅಂದರು.

ಅವರ ಪ್ರಶ್ನೆ ಸರಿಯಾದದ್ದು. ಮೋಟಾರಿನ ಮೇಲೆ ನೀರಿನ ಭಾರವಿದೆ. ವೋಲ್ಟೇಜು ಕುಸಿದರೂ ಅಷ್ಟೇ ನೀರು ಎತ್ತಬೇಕು, ಹಾಗಾಗಿ ಅದು ಹೆಚ್ಚು ಕರೆಂಟು ಎಳೆದುಕೊಳ್ಳುತ್ತದೆ. ಆ ಕರೆಂಟು ತಂತಿಯನ್ನು ಸುಡುತ್ತದೆ. ಚಿಪ್ಪಿನ ಮೇಲೆ ಅಂಥ ಭಾರವಿಲ್ಲ. ವೋಲ್ಟೇಜು ಇಳಿದರೆ ಅದು ಎಳೆಯುವ ಕರೆಂಟೂ ಇಳಿಯುತ್ತದೆ. ತೀರಾ ಇಳಿಸಿದರೆ ಲೆಕ್ಕ ತಪ್ಪುತ್ತದೆ, ನಿಂತುಹೋಗುತ್ತದೆ, ಆದರೆ ಸುಡುವುದಿಲ್ಲ. “ಮೋಟಾರಿಗೆ ಬರೋ ಲೈನಿನ ವೋಲ್ಟೇಜ್ ಬೇರೆ ಯಜಮಾನ್ರೇ, ಇದು ಒಳಗಿನದು. ಇನ್ನೂರ ಮೂವತ್ತು ಬಂದದ್ದನ್ನ ಎಸ್‌ಎಂಪಿಎಸ್ ಹನ್ನೆರಡು ಮಾಡ್ತದೆ, ಬೋರ್ಡು ಅದನ್ನ ಒಂದೂವರೆ ಮಾಡ್ತದೆ. ನಾನು ಮುಟ್ಟೋದು ಆ ಒಂದೂವರೆನ ಮಾತ್ರ” ಅಂದೆ. ಅವರು ಬೆಂಚಿನ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಕೆಲಸ ಮುಗಿಯುವ ತನಕ ಒಂದೊಂದನ್ನೂ ಕೇಳಿ ತಿಳಿದುಕೊಂಡೇ ಎದ್ದರು.

ಇದೇ ಹಳೆಯ ಕೋಲಾರ ಜಿಲ್ಲೆಗೆ ವೋಲ್ಟೇಜು ಮತ್ತು ಕಾವಿನ ಲೆಕ್ಕ ಬಂದದ್ದು 1902ರಲ್ಲಿ. (ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾದದ್ದು 2007ರಲ್ಲಿ; ಅಲ್ಲಿಯವರೆಗೆ ನಾವೆಲ್ಲ ಕೋಲಾರದವರೇ.) ಆ ವರ್ಷದ ಜೂನ್ 30ರಂದು ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. ಸುಮಾರು 92 ಮೈಲಿ ದೂರ. ಅಷ್ಟು ದೂರ ಕಡಿಮೆ ವೋಲ್ಟೇಜಿನಲ್ಲಿ ಕಳಿಸಿದ್ದರೆ ದಾರಿಯುದ್ದಕ್ಕೂ ತಂತಿ ಕಾಯಿಸಿಯೇ ಕರೆಂಟು ಮುಗಿದುಹೋಗುತ್ತಿತ್ತು. ಅದಕ್ಕೆ 30,000 ವೋಲ್ಟಿಗೂ ಮೇಲೆ ಏರಿಸಿ, ಕರೆಂಟು ಸಣ್ಣದು ಮಾಡಿ ಕಳಿಸಿದರು. ದೂರದ ತಂತಿಯಲ್ಲಿ ಕಾವು ತಪ್ಪಿಸಲು ವೋಲ್ಟೇಜು ಏರಿಸಬೇಕು, ಚಿಪ್ಪಿನಲ್ಲಿ ಕಾವು ತಪ್ಪಿಸಲು ಇಳಿಸಬೇಕು, ಮೋಟಾರಿನಲ್ಲಿ ಏರಿದರೂ ಇಳಿದರೂ ಕಷ್ಟ. ಈ ಮೂರನ್ನೂ ನೂರು ವರ್ಷದೊಳಗೆ ಒಂದೇ ಜಿಲ್ಲೆ ಕಂಡಿತು. ಡಿಪ್ಲೊಮಾ ತರಗತಿಯಲ್ಲಿ ಇವನ್ನು ಮೂರು ಬೇರೆ ಅಧ್ಯಾಯಗಳಲ್ಲಿ ಓದಿದ್ದೆ. ಒಂದೇ ಕಡೆ ಸೇರಿಸಿ ಯೋಚಿಸುವ ಹಾಗೆ ಮಾಡಿದ್ದು ಆ ಯಜಮಾನರ ಪ್ರಶ್ನೆ.

ಒಂದು ಕೆಲಸವನ್ನು ಪೂರ್ತಿ ಹೇಳುತ್ತೇನೆ. ಶಿಡ್ಲಘಟ್ಟದ ಒಂದು ಫೋಟೊ ಸ್ಟುಡಿಯೊ. ಅಥ್ಲಾನ್ ಎಕ್ಸ್‌ಪಿ 2400, ಎರಡು ಗಿಗಾಹರ್ಟ್ಸ್. ಮದುವೆ ಸೀಸನ್ನು, ಕರಿಜ್ಮಾ ಆಲ್ಬಮ್ಮು, ಫೋಟೊಶಾಪಿನಲ್ಲಿ ದೊಡ್ಡ ಫೈಲು ಸೇವ್ ಕೊಟ್ಟರೆ ಮಿಷನ್ ದಬಕ್ಕನೆ ಆಫ್. “ಅಣ್ಣ, ಹೆಣ್ಣಿನ ಕಡೆಯವರು ಬಾಗ್ಲಲ್ಲಿ ಕೂತವ್ರೆ, ಅರ್ಧ ಆಲ್ಬಮ್ಮಲ್ಲೇ ನಿಂತೋಗ್ತೈತೆ” ಅಂತ ಫೋನು. ಹೋಗಿ ನೋಡಿದರೆ ಬಯಾಸಿನ ಪಿಸಿ ಹೆಲ್ತ್ ಪುಟದಲ್ಲಿ ಸುಮ್ಮನೆ ಕೂತಾಗಲೇ 62 ಡಿಗ್ರಿ. ಕೆಲಸ ಕೊಟ್ಟರೆ ಬೋರ್ಡು ತನ್ನ ಎಲ್ಲೆ ಮುಟ್ಟಿ ತಾನೇ ಕರೆಂಟು ಕಡಿದುಕೊಳ್ಳುತ್ತಿತ್ತು. ಧೂಳು ತೊಳೆದು ಪೇಸ್ಟ್ ಹಾಕಿದ್ದರಿಂದ ಒಂದಿಷ್ಟು ಇಳಿಯಿತು, ಸಾಲಲಿಲ್ಲ. ಆಮೇಲೆ ವಿಕೋರ್. 1.65ರಿಂದ 1.60, ವಿಂಡೋಸ್ ಏಳುತ್ತದೆ. 1.55, ಏಳುತ್ತದೆ. ವಿಂಡೋಸ್ ಎದ್ದರೆ ಗೆದ್ದಂತಲ್ಲ. ಪ್ರೈಮ್95 ಅನ್ನುವ ಪ್ರೋಗ್ರಾಂ ಇದೆ. ಜಾರ್ಜ್ ವೋಲ್ಟ್‌ಮನ್ ಅನ್ನುವವರು 1996ರಲ್ಲಿ ಭಾರಿ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಬರೆದದ್ದು. ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಕೊಟ್ಟು ಅದು ಚಿಪ್ಪನ್ನು ಹಿಂಡುತ್ತದೆ, ಒಂದು ಅಂಕಿ ತಪ್ಪಿದರೂ ನಿಲ್ಲಿಸಿ ಹೇಳುತ್ತದೆ. ಅದನ್ನು ಓಡಲು ಬಿಟ್ಟು ಇನ್ನೊಂದು ಮೆಟ್ಟಿಲು, ಮತ್ತೊಂದು ಮೆಟ್ಟಿಲು. 1.40ರಲ್ಲಿ ಲೆಕ್ಕ ತಪ್ಪಿತು. ಎರಡು ಮೆಟ್ಟಿಲು ಮೇಲೆ ಬಂದು 1.45ರಲ್ಲಿ ನಿಲ್ಲಿಸಿದೆ. ರಾತ್ರಿಯಿಡೀ ಓಡಲು ಬಿಟ್ಟು, ಬೆಳಗ್ಗೆ ನೋಡಿದರೆ ಒಂದು ತಪ್ಪೂ ಇಲ್ಲ. ಮಧ್ಯಾಹ್ನದ ಬಿಸಿಲಲ್ಲೂ ಇನ್ನೊಮ್ಮೆ ನೋಡಲೇಬೇಕು, ಕಾದ ಚಿಪ್ಪು ತಣ್ಣಗಿನದಕ್ಕಿಂತ ಬೇಗ ತಪ್ಪುತ್ತದೆ.

1.65ರಿಂದ 1.45. ವರ್ಗದ ಲೆಕ್ಕದಲ್ಲಿ ನೂರಕ್ಕೆ 23 ಪಾಲು. ಆ ಚಿಪ್ಪಿಗೆ ಬರೆದಿದ್ದ ಗರಿಷ್ಠ ಶಾಖ ಸುಮಾರು 68 ವ್ಯಾಟು. ಅದರಲ್ಲಿ ಹದಿನೈದು ವ್ಯಾಟು ಹೊರಟುಹೋಯಿತು. ವೇಗ ಒಂದು ಮೆಗಾಹರ್ಟ್ಸೂ ಕಡಿಮೆಯಾಗಲಿಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಅವಸರದ ರಿಪೇರಿಯವರು ಬೋರ್ಡಿನ ಬಸ್ಸಿನ ವೇಗ 133 ಮೆಗಾಹರ್ಟ್ಸ್‌ನಿಂದ 100ಕ್ಕೆ ಇಳಿಸಿ ಕಳಿಸುತ್ತಿದ್ದರು. ಕಾವೇನೋ ಇಳಿಯುತ್ತದೆ, ಆದರೆ ಗಿರಾಕಿ ದುಡ್ಡು ಕೊಟ್ಟು ಕೊಂಡ ವೇಗದಲ್ಲಿ ಕಾಲು ಪಾಲು ಅವನಿಗೆ ಗೊತ್ತಿಲ್ಲದ ಹಾಗೆ ಹೋಯಿತು. ಅದು ಮೋಸ ಅಂತಲೇ ನಾನು ಈಗಲೂ ಹೇಳುತ್ತೇನೆ.

ಕಾವು ಇಳಿಸಿದ ಲಾಭ ಚಿಪ್ಪಿಗಿಂತ ಹೆಚ್ಚಾಗಿ ಬೋರ್ಡಿಗೆ. 2000ದ ದಶಕದ ಮೊದಲ ಭಾಗದಲ್ಲಿ ಜಗತ್ತಿನಾದ್ಯಂತ ಮದರ್‌ಬೋರ್ಡುಗಳ ಕೆಪಾಸಿಟರುಗಳು ಉಬ್ಬಿ, ತಲೆ ಒಡೆದು, ಕಂದು ರಸ ಉಕ್ಕಿಸಿದವು. ಒಳಗಿನ ದ್ರವದ ಮಿಶ್ರಣವೇ ಸರಿಯಿಲ್ಲದ ಕೆಪಾಸಿಟರುಗಳು ಬಹಳ ತಯಾರಕರ ಬೋರ್ಡುಗಳಲ್ಲಿ ಸೇರಿಕೊಂಡಿದ್ದವು. ಪ್ರೊಸೆಸರಿನ ಸುತ್ತ, ಹೀಟ್‌ಸಿಂಕಿನ ಬಿಸಿಗಾಳಿ ಬಡಿಯುವ ಕಡೆಯವೇ ಮೊದಲು ಸಾಯುತ್ತಿದ್ದವು. ಆ ಕೆಪಾಸಿಟರಿನ ಆಯಸ್ಸಿಗೆ ಒಂದು ಸರಳ ಲೆಕ್ಕವಿದೆ: ಹತ್ತು ಡಿಗ್ರಿ ತಣ್ಣಗಾದರೆ ಬಾಳಿಕೆ ಸುಮಾರು ಎರಡುಪಟ್ಟು. ವೋಲ್ಟೇಜು ಇಳಿಸಿದಾಗ ಚಿಪ್ಪಿನ ಗಾಳಿಯೂ ತಣ್ಣಗಾಗುತ್ತದೆ, ಕೆಪಾಸಿಟರಿನ ಮೂಲಕ ಹಾಯುವ ಕರೆಂಟೂ ತಗ್ಗುತ್ತದೆ. ನಾವು ಉಬ್ಬಿದವನ್ನು ಕಿತ್ತು 105 ಡಿಗ್ರಿ ತಾಳುವವನ್ನು ಹಾಕಿ, ಜೊತೆಗೆ ವಿಕೋರ್ ಇಳಿಸಿ ಕಳಿಸಿದ ಬೋರ್ಡುಗಳು ಬಹಳ ವರ್ಷ ತಿರುಗಿ ಬರಲಿಲ್ಲ. ಯುಪಿಎಸ್ಸಿಗೂ ಇದರ ಪಾಲು ಸಿಗುತ್ತಿತ್ತು. ಲೋಡ್ ಶೆಡ್ಡಿಂಗ್ ದಿನಗಳಲ್ಲಿ 600 ವಿಎ ಯುಪಿಎಸ್ಸಿನ ಹಳೇ ಬ್ಯಾಟರಿ ಕೆಲವೇ ನಿಮಿಷ ನಿಲ್ಲುತ್ತಿದ್ದದ್ದು. ಹದಿನೈದು ವ್ಯಾಟು ಉಳಿದರೆ ಇನ್ನೊಂದಿಷ್ಟು ಹೊತ್ತು. ‘ನುಡಿ’ಯೋ ‘ಬರಹ’ವೋ, ಯಾವುದೋ ಕನ್ನಡ ಟೈಪಿಂಗ್ ಪ್ರೋಗ್ರಾಂನಲ್ಲಿ ಅರ್ಧ ಟೈಪಾದ ಕ್ರಯಪತ್ರವನ್ನು ಸೇವ್ ಕೊಟ್ಟು ಫ್ಲಾಪಿಗೆ ಹಾಕಿಕೊಳ್ಳಲು ಅಷ್ಟು ಸಾಕಿತ್ತು.

ಡೆನ್ನಾರ್ಡ್ ಹಾಕಿದ ದಾರಿ 2004ರ ಹೊತ್ತಿಗೆ ಮುಗಿಯುತ್ತ ಬಂತು. ಟ್ರಾನ್ಸಿಸ್ಟರು ಎಷ್ಟು ಕಿರಿದಾಯಿತೆಂದರೆ ಆಫ್ ಆದ ಸ್ವಿಚ್ಚಿನಲ್ಲೂ ಕರೆಂಟು ಸೋರತೊಡಗಿತು, ವೋಲ್ಟೇಜನ್ನು ಇನ್ನಷ್ಟು ಇಳಿಸುವುದು ಕಷ್ಟವಾಯಿತು. ಆ ವರ್ಷದ ಪೆಂಟಿಯಂ ಫೋರ್ ಪ್ರೆಸ್ಕಾಟ್ ಮಾದರಿಗಳು 115 ವ್ಯಾಟಿನವರೆಗೆ ಹೋದವು. ಇಂಟೆಲ್ ಅದರ ಮುಂದಿನ ಚಿಪ್ಪನ್ನೂ 4 ಗಿಗಾಹರ್ಟ್ಸ್ ಯೋಜನೆಯನ್ನೂ ಅದೇ ವರ್ಷ ಕೈಬಿಟ್ಟಿತು. 2006ರಲ್ಲಿ ಕೋರ್ ಟೂ ಡ್ಯುಯೊ ಬಂದಾಗ 65 ವ್ಯಾಟು. ಅಷ್ಟರಲ್ಲಿ ಲ್ಯಾಪ್‌ಟಾಪಿನಲ್ಲಿ ಹುಟ್ಟಿದ್ದ ಏರ್ಪಾಡು ಡೆಸ್ಕ್‌ಟಾಪಿಗೂ ಬಂದಿತ್ತು: ಕೆಲಸವಿಲ್ಲದಾಗ ಚಿಪ್ಪು ತಾನೇ ವೇಗವನ್ನೂ ವೋಲ್ಟೇಜನ್ನೂ ಇಳಿಸಿಕೊಳ್ಳುತ್ತದೆ. ಈಗಿನ ಚಿಪ್ಪುಗಳಿಗೆ ಯಾವ ವೇಗಕ್ಕೆ ಎಷ್ಟು ವೋಲ್ಟು ಅನ್ನುವ ಪಟ್ಟಿಯನ್ನು ಕಾರ್ಖಾನೆಯಲ್ಲೇ, ಒಂದೊಂದು ಚಿಪ್ಪನ್ನೂ ಪರೀಕ್ಷಿಸಿ, ಅದರೊಳಗೇ ಬರೆದು ಕಳಿಸುತ್ತಾರೆ. ನಾವು ಟಾರ್ಚು ಕಚ್ಚಿಕೊಂಡು ಹುಡುಕುತ್ತಿದ್ದ ಅಂಕಿ ಈಗ ಚಿಪ್ಪಿನ ಜೊತೆಗೇ ಬರುತ್ತದೆ. ಇದು ಬಹಳ ಒಳ್ಳೆಯದಾಯಿತು ಅಂತ ನನಗೆ ಸಂತೋಷವಿದೆ.

ಇನ್ನೊಂದು ಬೆಳವಣಿಗೆಯ ಬಗ್ಗೆ ಅಷ್ಟು ಸಂತೋಷವಿಲ್ಲ. 2019ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್, ಗ್ರಾಜ್, ಲ್ಯುವೆನ್ ವಿಶ್ವವಿದ್ಯಾಲಯಗಳ ಸಂಶೋಧಕರು ‘ಪ್ಲಂಡರ್‌ವೋಲ್ಟ್’ ಅನ್ನುವ ದಾಳಿಯನ್ನು ಹೊರಗೆಡವಿದರು. ಸಾಫ್ಟ್‌ವೇರಿನಿಂದಲೇ ಇಂಟೆಲ್ ಚಿಪ್ಪಿನ ವೋಲ್ಟೇಜನ್ನು ತಪ್ಪು ಮಾಡುವಷ್ಟು ಇಳಿಸಿ, ಗುಣಾಕಾರದಲ್ಲಿ ಒಂದು ತಪ್ಪು ಉತ್ತರ ಹೊರಡಿಸಿ, ಅದರಿಂದ ಒಳಗೆ ಬಚ್ಚಿಟ್ಟ ಗುಪ್ತ ಕೀಲಿಯನ್ನು ಕಂಡುಹಿಡಿಯಬಹುದು ಅಂತ ತೋರಿಸಿಕೊಟ್ಟರು. ನಾವು ಪ್ರೈಮ್95 ಓಡಿಸಿ ಕಾಯುತ್ತಿದ್ದದ್ದು ಅದೇ ತಪ್ಪಿಗಾಗಿ. ಅವರು ಅದನ್ನು ಕನ್ನಗತ್ತಿ ಮಾಡಬಹುದೆಂದು ಕಂಡರು. ಇಂಟೆಲ್ ಆ ಬಾಗಿಲು ಮುಚ್ಚುವ ಅಪ್‌ಡೇಟ್ ಕೊಟ್ಟಿತು, ಲ್ಯಾಪ್‌ಟಾಪ್ ತಯಾರಕರು ಬಯಾಸಿನಲ್ಲಿ ಬೀಗ ಹಾಕಿದರು. ಬ್ಯಾಂಕಿನ ಸರ್ವರಿಗೆ ಆ ಬೀಗ ಬೇಕು, ಒಪ್ಪುತ್ತೇನೆ. ಆದರೆ ಗೌರಿಬಿದನೂರಿನ ಒಬ್ಬ ಕಾಲೇಜು ಹುಡುಗಿ ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡ ಲ್ಯಾಪ್‌ಟಾಪು ಮೇ ತಿಂಗಳಲ್ಲಿ ಕಾದು ನಿಧಾನವಾದರೆ, ಅದರ ಮಾಲೀಕಳಾದ ಅವಳಿಗೇ ವೋಲ್ಟೇಜು ಇಳಿಸುವ ಹಕ್ಕಿಲ್ಲ. ಬಯಾಸಿನಲ್ಲಿ ಒಂದು ಸಾಲು ಇಟ್ಟು ‘ನನಗೆ ಬೇಕು’ ಅಂದವರಿಗೆ ತೆರೆದುಕೊಡಬಹುದಿತ್ತು. ಕೆಲವು ತಯಾರಕರು ಹಾಗೇ ಮಾಡಿದ್ದಾರೆ, ಉಳಿದವರೂ ಮಾಡಬೇಕು.

ನಮ್ಮ ಕಡೆಯ ಶಾಲೆಗಳಲ್ಲಿ, ಪ್ರೆಸ್ಸುಗಳಲ್ಲಿ ಸಾಕೆಟ್ 775, ಎಎಂ2 ಬೋರ್ಡುಗಳು ಇನ್ನೂ ಇವೆ. ಅವುಗಳಿಗೆ ಬೀಗವಿಲ್ಲ. ಅಂಥದು ಕೈಗೆ ಸಿಕ್ಕ ಹುಡುಗರು ಮೊದಲು ಧೂಳು ತೆಗೆಯಲಿ, ಪೇಸ್ಟ್ ಬದಲಿಸಲಿ, ಉಬ್ಬಿದ ಕೆಪಾಸಿಟರ್ ಇದ್ದರೆ ಕೀಳಲಿ. ಉಬ್ಬಿದ್ದನ್ನು ಬಿಟ್ಟು ವೋಲ್ಟೇಜು ಹುಡುಕುವುದು ವ್ಯರ್ಥ, ಅಂಕಿ ದಿನಕ್ಕೊಂದು ಸಿಗುತ್ತದೆ. ಗಿರಾಕಿಯ ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೊಂಡೇ ಶುರುಮಾಡಲಿ, ಲೆಕ್ಕ ತಪ್ಪುವ ಚಿಪ್ಪು ಡಿಸ್ಕಿಗೂ ತಪ್ಪನ್ನೇ ಬರೆಯುತ್ತದೆ. ಆಮೇಲೆ ಬಯಾಸಿನಲ್ಲಿ ವಿಕೋರ್ ಸಾಲು ಹುಡುಕಿ, ಈಗಿನ ಅಂಕಿಯನ್ನು ಕ್ಯಾಬಿನೆಟ್ಟಿನ ಒಳಗೋಡೆಯ ಮೇಲೆ ಮಾರ್ಕರಿನಲ್ಲಿ ಬರೆದು, 0.025ರ ಒಂದೊಂದೇ ಮೆಟ್ಟಿಲು ಇಳಿಯಲಿ. ತಪ್ಪಿದ ಕಡೆಯಿಂದ ಎರಡು ಮೆಟ್ಟಿಲು ಮೇಲೆ ನಿಲ್ಲಿಸಿ, ಆ ಅಂಕಿಯನ್ನೂ ತಾರೀಕನ್ನೂ ಹಳೆಯದರ ಕೆಳಗೆ ಬರೆಯಲಿ. ಬಯಾಸ್ ಬ್ಯಾಟರಿ ಸತ್ತು ಸೆಟ್ಟಿಂಗ್ ಅಳಿಸಿಹೋದಾಗ ಮುಂದಿನವನಿಗೆ ಅದು ಬೇಕಾಗುತ್ತದೆ.